ಸಿನಗಾಗ್ ಸೇರಿದ ಮೇಲೆ: ನಾಮಕರಣದಿಂದ ಎಂಬತ್ತಮೂರರವರೆಗೆ

ಅಮೆರಿಕದಲ್ಲಿ ನೆಲೆಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ಯಹೂದಿ ಮನೆಗೆ ಅಳಿಯನಾಗಿ, ಸೊಸೆಯಾಗಿ ಹೋಗುವುದು ಈಗ ಹೊಸ ಸುದ್ದಿಯಲ್ಲ. ಪ್ಯೂ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆ ಪ್ರಕಾರ, 2010ರಿಂದೀಚೆಗೆ ಮದುವೆಯಾದ ಅಮೆರಿಕನ್ ಯಹೂದಿಗಳಲ್ಲಿ ನೂರಕ್ಕೆ 61 ಜನರ ಸಂಗಾತಿ ಯಹೂದಿ ಅಲ್ಲ. ಮದುವೆ ಹೇಗೋ ಆಗಿಹೋಗುತ್ತದೆ. ಮಗು ಹುಟ್ಟಿದಾಗ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಸೇರುವ ಮಾತು ಬರುತ್ತದೆ. ನಮ್ಮ ಮನೆಯಲ್ಲಿ ಹೆಂಡತಿ, ಮಕ್ಕಳು ಯಹೂದಿಗಳು, ನಾನಲ್ಲ. ಆದರೂ ಹೆಚ್ಚುಕಡಿಮೆ ಪ್ರತಿ ವಾರ ಅಲ್ಲಿರುತ್ತೇನೆ. ಈ ದಾರಿಗೆ ಹೊಸದಾಗಿ ಬಂದವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಹಬ್ಬಕ್ಕೆ ಎರಡು ದಿನ ಬಂದುಹೋಗುವವರು ಎಷ್ಟು ವರ್ಷ ಚಂದಾ ಕಟ್ಟಿದರೂ ಅತಿಥಿಗಳಾಗಿಯೇ ಉಳಿಯುತ್ತಾರೆ. ಸಣ್ಣದೊಂದು ಕೆಲಸ ಹಚ್ಚಿಕೊಂಡವರು ಬೇಗ ಮನೆಯವರಾಗುತ್ತಾರೆ. ನಿಮಗೆ ನಂಬಿಕೆ ಎಷ್ಟಿದೆ ಅಂತ ಅಲ್ಲಿ ಯಾರೂ ಅಷ್ಟಾಗಿ ಕೇಳುವುದಿಲ್ಲ. ನಾಳೆ ಬರ್ತೀರಾ ಅಂತ ಕೇಳುತ್ತಾರೆ.

ಮೊದಲು ಶುಲ್ ಆರಿಸಿ

ಸಿನಗಾಗ್‌ಗೆ ಬಹಳ ಜನ ಶುಲ್ ಅನ್ನುತ್ತಾರೆ. ರಿಫಾರ್ಮ್ ಪಂಥದವರು ಟೆಂಪಲ್ ಅನ್ನುವುದೂ ಇದೆ. ಪ್ರತಿಯೊಂದು ಕಾಂಗ್ರಿಗೇಷನ್ ಸ್ವತಂತ್ರ. ಮೇಲೆ ಪೋಪ್ ಇಲ್ಲ, ಮಠವಿಲ್ಲ. ಸದಸ್ಯರೇ ಆಡಳಿತ ಮಂಡಳಿ ಆರಿಸುತ್ತಾರೆ, ಮಂಡಳಿ ರಬ್ಬಿಯನ್ನು, ಅಂದರೆ ಧರ್ಮಗುರುವನ್ನು, ಒಪ್ಪಂದದ ಮೇಲೆ ನೇಮಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಊರಿನ ಎರಡು ಶುಲ್‌ಗಳಲ್ಲಿ ರೀತಿ ರಿವಾಜು ಬೇರೆ ಬೇರೆ ಇರುತ್ತದೆ.

ಮುಖ್ಯವಾಗಿ ಮೂರು ಪಂಥಗಳು. ಆರ್ಥೊಡಾಕ್ಸ್‌ನವರು ಕಟ್ಟುನಿಟ್ಟು, ಗಂಡಸರು ಹೆಂಗಸರು ಬೇರೆ ಬೇರೆ ಕೂರುತ್ತಾರೆ. ರಿಫಾರ್ಮ್‌ನವರು ಸಡಿಲ. ಕನ್ಸರ್ವೇಟಿವ್ ಅಂತ ಹೆಸರಿದ್ದರೂ ಅವರು ನಡುವಿನವರು. ನಮ್ಮವರಿಗೆ ಇದರಲ್ಲಿ ತಕ್ಷಣ ತಟ್ಟುವ ವಿಷಯ ಒಂದೇ: ಮಗು ಯಹೂದಿಯೋ ಅಲ್ಲವೋ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪ್ರಕಾರ ತಾಯಿ ಯಹೂದಿಯಾಗಿದ್ದರೆ ಮಾತ್ರ ಮಗು ಯಹೂದಿ, ಇಲ್ಲವಾದರೆ ಮಗುವಿಗೆ ಮತಾಂತರದ ವಿಧಿ ಆಗಬೇಕು. ರಿಫಾರ್ಮ್ ರಬ್ಬಿಗಳು 1983ರಲ್ಲಿ ಮಾಡಿದ ನಿರ್ಣಯದಲ್ಲಿ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಯಹೂದಿಯಾಗಿದ್ದು, ಮಗುವನ್ನು ಯಹೂದಿಯಾಗಿ ಬೆಳೆಸಿದರೆ ಸಾಕು ಅಂದರು. ಕನ್ನಡದ ಸೊಸೆ, ಯಹೂದಿ ಗಂಡ ಅನ್ನುವ ಮನೆಗಳಲ್ಲಿ ಇದನ್ನು ಮೊದಲ ದಿನವೇ ರಬ್ಬಿಯ ಹತ್ತಿರ ಬಾಯಿಬಿಟ್ಟು ಕೇಳಿ. ಹದಿಮೂರನೇ ವರ್ಷಕ್ಕೆ ಬಂದಾಗ ಗೊತ್ತಾದರೆ ಮಗುವಿಗೆ ಬಹಳ ನೋವಾಗುತ್ತದೆ.

ನೀವೇ ಸದಸ್ಯರಾಗಬಹುದಾ ಅನ್ನುವುದನ್ನೂ ಕೇಳಿ. ರಿಫಾರ್ಮ್‌ನಲ್ಲಿ ಸಾಮಾನ್ಯವಾಗಿ ಇಡೀ ಕುಟುಂಬವೇ ಸದಸ್ಯ. ಕನ್ಸರ್ವೇಟಿವ್ ಸಂಘಟನೆ 2017ರಲ್ಲಿ ಇದನ್ನು ಆಯಾ ಶುಲ್‌ನ ತೀರ್ಮಾನಕ್ಕೆ ಬಿಟ್ಟಿತು. ಮತಾಂತರ ಆಗಿ ಅಂತ ಒತ್ತಾಯ ಮಾಡುತ್ತಾರೇನೋ ಅನ್ನುವ ಅಳುಕು ನಮ್ಮವರಿಗಿರುತ್ತದೆ. ಬೇಡ. ಮತಾಂತರ ಮಾಡಿಸಿ ಅಂತ ಬಂದವರನ್ನೇ ಮೊದಲು ವಾಪಸ್ ಕಳಿಸುವುದು ಅವರ ಹಳೆಯ ಪದ್ಧತಿ. ನಿಜವಾಗಿ ಮನಸ್ಸಿದ್ದವರಿಗೆ ತಿಂಗಳುಗಟ್ಟಲೆ ಪಾಠ, ಆಮೇಲೆ ಮೂವರ ಪಂಚಾಯ್ತಿ ಮುಂದೆ ಮಾತುಕತೆ, ಕೊನೆಗೆ ಮಿಕ್ವೆ ಅನ್ನುವ ಕೊಳದಲ್ಲಿ ಮುಳುಗು ಇರುತ್ತದೆ.

ಚಂದಾ

ಯಹೂದಿ ನಿಯಮದಲ್ಲಿ ಶನಿವಾರ ಅಂದರೆ ಶಬ್ಬಾತ್ ದಿನ ದುಡ್ಡು ಮುಟ್ಟುವಂತಿಲ್ಲ. ಅದಕ್ಕೇ ಹುಂಡಿ, ಕಾಣಿಕೆ ತಟ್ಟೆ ಕಾಣುವುದಿಲ್ಲ. ಬದಲಿಗೆ ವಾರ್ಷಿಕ ಚಂದಾ ಇರುತ್ತದೆ. ಕುಟುಂಬಕ್ಕೆ ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು, ಮಕ್ಕಳ ಶಾಲೆಯ ಫೀಸು, ಕಟ್ಟಡ ನಿಧಿ ಬೇರೆ. ಗಾಬರಿಯಾಗಬೇಡಿ. ಬಹಳ ಕಡೆ ಚಿಕ್ಕ ವಯಸ್ಸಿನವರಿಗೆ ಕಡಿಮೆ ದರ ಇರುತ್ತದೆ. ನಿಮ್ಮ ಕೈಲಾದಷ್ಟು ನೀವೇ ಹೇಳಿ ಅನ್ನುವ ಶುಲ್‌ಗಳೂ ಈಗ ಸಾಕಷ್ಟಿವೆ. ಆಫೀಸಿನಲ್ಲಿ ಇಷ್ಟು ಆಗುತ್ತದೆ, ಇಷ್ಟು ಆಗಲ್ಲ ಅಂತ ನೇರವಾಗಿ ಹೇಳಿ. ಅದು ಅಲ್ಲಿ ದಿನಾ ನಡೆಯುವ ಮಾತು, ಸಂಕೋಚ ಪಡುವಂಥದ್ದಲ್ಲ.

ಯೋಮ್ ಕಿಪ್ಪುರ್ ಅನ್ನುವ ಉಪವಾಸದ ದಿನದ ಹಿಂದಿನ ಸಂಜೆ ಬಹಳ ಕಡೆ ದೇಣಿಗೆ ಕೇಳುತ್ತಾರೆ. ಅವತ್ತು ಬರೆಯುವುದೂ ನಿಷಿದ್ಧ. ಹಾಗಾಗಿ ಸೀಟಿನ ಮೇಲೆ ಒಂದು ಕಾರ್ಡ್ ಇಟ್ಟಿರುತ್ತಾರೆ. ಅದರ ಅಂಚಿನಲ್ಲಿ 36, 180, 1800 ಅಂತ ಸಣ್ಣ ಸಣ್ಣ ಪಟ್ಟಿಗಳು. ಎಷ್ಟು ಕೊಡುತ್ತೀರೋ ಆ ಪಟ್ಟಿ ಮಡಿಸಿ ಕೊಟ್ಟರೆ ಆಯಿತು. ನಿಮ್ಮ ಪೆನ್ನು ಜೇಬಿನಲ್ಲೇ ಇರಲಿ.

ಮೊದಲ ಕೆಲವು ಶನಿವಾರಗಳು

ಬಾಗಿಲ ಹತ್ತಿರ ಕಾವಲಿನವರು ಬ್ಯಾಗ್ ನೋಡಬಹುದು. ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ನಲ್ಲಿ 2018ರ ಅಕ್ಟೋಬರ್ 27ರಂದು 11 ಜನರನ್ನು ಗುಂಡಿಟ್ಟು ಕೊಂದ ಮೇಲೆ ಇದು ಎಲ್ಲೆಡೆ ಮಾಮೂಲಾಗಿದೆ. ಮೊದಲ ಸಲ ಹೋಗುವ ಮುಂಚೆ ಆಫೀಸಿಗೆ ಫೋನ್ ಮಾಡಿ ಹೆಸರು ಹೇಳಿರಿ, ಬಾಗಿಲಲ್ಲಿ ಸಲೀಸಾಗುತ್ತದೆ.

ಚಪ್ಪಲಿ ಬಿಡುವ ಹಾಗಿಲ್ಲ. ಗಂಡಸರು ಬಾಗಿಲ ಬಳಿಯ ಬುಟ್ಟಿಯಿಂದ ಕಿಪ್ಪಾ ಅನ್ನುವ ಪುಟ್ಟ ಟೋಪಿ ತೆಗೆದು ತಲೆಗೆ ಇಟ್ಟುಕೊಳ್ಳಿ. ಅಂಚಿನಲ್ಲಿ ದಾರ ಇರುವ ಶಾಲು, ಅಂದರೆ ತಲ್ಲಿತ್, ಯಹೂದಿಗಳಿಗೆ ಮಾತ್ರ. ಫೋನ್ ಹೊರಗೆ ತೆಗೆಯಬೇಡಿ, ಫೋಟೋ ಅಂತೂ ಬೇಡವೇ ಬೇಡ. ಪ್ರಾರ್ಥನೆ ಪುಸ್ತಕ ನೆಲದ ಮೇಲೆ ಇಡಬಾರದು. ಕೈಜಾರಿ ಬಿದ್ದರೆ, ನಾವು ಕಾಲಿಗೆ ತಾಕಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ ಅವರು ಎತ್ತಿ ಮುತ್ತಿಡುತ್ತಾರೆ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂತುಕೊಳ್ಳಿ. ಹೀಬ್ರೂ ಬರದಿದ್ದರೆ ಪಕ್ಕದವರೇ ಪುಟ ತೋರಿಸುತ್ತಾರೆ. ಶನಿವಾರ ಬೆಳಗಿನ ಪ್ರಾರ್ಥನೆ ಎರಡೂವರೆ ಮೂರು ಗಂಟೆ ನಡೆಯಬಹುದು. ಅರ್ಧಕ್ಕೆ ಬಂದರೂ ಯಾರೂ ಏನೂ ಅನ್ನುವುದಿಲ್ಲ.

ಮುಗಿದ ಮೇಲೆ ಕಿದ್ದುಶ್, ಅಂದರೆ ಎಲ್ಲರೂ ಒಟ್ಟಿಗೆ ಕೂತು ಊಟ. ಪ್ರಾರ್ಥನೆ ತಪ್ಪಿಸಿಕೊಂಡರೂ ಇದನ್ನು ತಪ್ಪಿಸಿಕೊಳ್ಳಬೇಡಿ. ಸ್ನೇಹ ಬೆಳೆಯುವುದು ಬೇಗಲ್ ತಟ್ಟೆಯ ಸುತ್ತಲೇ. ಅಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ನಿಮ್ಮ ದೇಶದಲ್ಲೂ ಯಹೂದಿಗಳಿದ್ದಾರಂತಲ್ಲ ಅಂತ. ಕೊಚ್ಚಿಯ 1568ರ ಪರದೇಶಿ ಸಿನಗಾಗ್ ಅವರಿಗೂ ಗೊತ್ತಿರುತ್ತದೆ. ನೀವು ಕೊಂಕಣದ ಬೆನೆ ಇಸ್ರೇಲ್ ಅನ್ನುವ ಯಹೂದಿ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್ ಕಥೆ ಹೇಳಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕು, ಬಿಡುಗಡೆಯಾಗಿ ಬಂದು, 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದರು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಯಹೂದಿ ಸ್ಮಶಾನ ಇದೆ ಅಂದರಂತೂ ಮೇಜಿನ ಸುತ್ತ ಎಲ್ಲರ ಕಿವಿ ನಿಮ್ಮ ಕಡೆ.

ಒಂದು ಕೆಲಸ ಹಿಡಿಯಿರಿ

ಎರಡು ಮೂರು ತಿಂಗಳು ಹೋಗಿ ಬಂದು ಮಾಡಿದ ಮೇಲೆ ಏನಾದರೂ ಒಂದು ಜವಾಬ್ದಾರಿ ಕೇಳಿ. ಒಂದೇ ಸಾಕು. ಮೂರು ಕಮಿಟಿಗೆ ಹೆಸರು ಕೊಟ್ಟು ಯಾವುದಕ್ಕೂ ಹೋಗದವರು ಎಲ್ಲ ಕಡೆ ಇದ್ದಾರೆ, ಅವರಲ್ಲಿ ನೀವೊಬ್ಬರಾಗಬೇಡಿ.

ನಮ್ಮವರಿಗೆ ಸುಲಭದ ದಾರಿ ಅಡಿಗೆ ಮನೆ, ಆದರೆ ನಿಯಮ ತಿಳಿದುಕೊಂಡು ಹೋಗಬೇಕು. ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಅಡಿಗೆ ಮನೆಯಲ್ಲಿ ಮಾಂಸದ ಪಾತ್ರೆ, ಹಾಲಿನ ಪಾತ್ರೆ ಬೇರೆ ಬೇರೆ. ನಾವು ಸಸ್ಯಾಹಾರಿ, ಮನೆಯಲ್ಲೇ ಮಾಡಿ ತರುತ್ತೇವೆ ಅಂದರೆ ಕನ್ಸರ್ವೇಟಿವ್, ಆರ್ಥೊಡಾಕ್ಸ್ ಶುಲ್‌ಗಳಲ್ಲಿ ಆಗುವುದಿಲ್ಲ. ನಿಮ್ಮ ಪಾತ್ರೆ ಕೋಷರ್ ಅಲ್ಲವಲ್ಲ. ಶುಕ್ರವಾರ ಅಲ್ಲೇ ಹೋಗಿ, ಅವರ ಪಾತ್ರೆಯಲ್ಲಿ, ಅವರ ಒಬ್ಬರ ಕಣ್ಣೆದುರಿಗೆ ಮಾಡಬೇಕು. ಪ್ಯಾಕೆಟ್ ಸಾಮಾನಿನ ಮೇಲೆ ವೃತ್ತದೊಳಗೆ ಯು ಅಕ್ಷರದಂಥ ಕೋಷರ್ ಗುರುತು ಇದೆಯಾ ನೋಡಿ. ಕೊತ್ತಂಬರಿ, ಪಾಲಕ್ ಆದರೆ ಹುಳ ಇಲ್ಲ ಅಂತ ಎಲೆ ಎಲೆ ಬಿಡಿಸಿ ನೋಡುತ್ತಾರೆ, ಸಮಯ ಹಿಡಿಯುತ್ತದೆ.

ಶಬ್ಬಾತ್ ದಿನ ಒಲೆ ಹಚ್ಚುವುದಿಲ್ಲ. ಹಾಗಾಗಿ ಉಪ್ಪಿಟ್ಟು, ದೋಸೆ ಯೋಚನೆ ಬಿಟ್ಟುಬಿಡಿ. ಆರಿದರೂ ರುಚಿ ಕೆಡದ ತಿಂಡಿ ಬೇಕು. ನಿಂಬೆಹಣ್ಣಿನ ಚಿತ್ರಾನ್ನ, ಪುಳಿಯೋಗರೆ, ಹೆಸರುಬೇಳೆ ಕೋಸಂಬರಿ ಇವೆಲ್ಲ ಹೇಳಿ ಮಾಡಿಸಿದ ಹಾಗಿವೆ. ನಮ್ಮ ಶುಲ್‌ನಲ್ಲಿ ಚಿತ್ರಾನ್ನ ಇಲ್ಲದ ಕಿದ್ದುಶ್ ಆದರೆ ಈಗ ಹಿರಿಯರೇ ವಿಚಾರಿಸುತ್ತಾರೆ. ಪಾಸೋವರ್ ಹಬ್ಬದ ಎಂಟು ದಿನ ಮಾತ್ರ ಹುಷಾರು. ಗೋಧಿ, ಬಾರ್ಲಿ ಹುದುಗಿದ್ದು ಯಾವುದೂ ಆಗದು. ಅಂಗಡಿಯ ಕೂಟು ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದೂ ಹೊರಗೆ. ಅಕ್ಕಿ, ಬೇಳೆ ವಿಷಯದಲ್ಲಿ ಕನ್ಸರ್ವೇಟಿವ್ ರಬ್ಬಿಗಳ ಸಮಿತಿ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೂ ಪೂರ್ವ ಯುರೋಪಿನ ಮೂಲದ ಬಹಳ ಮನೆಗಳಲ್ಲಿ ಆ ವಾರ ಅನ್ನ ಮುಟ್ಟುವುದಿಲ್ಲ. ಯಾರ ಮನೆಗೆ ಹೋಗುತ್ತೀರೋ ಅವರನ್ನು ಕೇಳಿಬಿಡಿ.

ಅಡಿಗೆ ಬೇಡ ಅಂದರೆ ಬೇರೆ ಕೆಲಸ ಬೇಕಾದಷ್ಟಿದೆ. ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುವುದು, ಸುಕ್ಕೋತ್ ಹಬ್ಬಕ್ಕೆ ಚಪ್ಪರ ಕಟ್ಟುವುದು, ವಯಸ್ಸಾದವರನ್ನು ಕಾರಿನಲ್ಲಿ ಕರೆತರುವುದು, ಲೆಕ್ಕಪತ್ರ, ವೆಬ್‌ಸೈಟ್. ಡಿಸೆಂಬರ್ 25ರಂದು ಬಹಳ ಶುಲ್‌ನವರು ಆಸ್ಪತ್ರೆ, ಅನ್ನದಾನದ ಕೇಂದ್ರಗಳಿಗೆ ಹೋಗಿ, ಕ್ರಿಶ್ಚಿಯನ್ ಸಿಬ್ಬಂದಿ ಮನೆಯಲ್ಲಿ ಹಬ್ಬ ಮಾಡಲಿ ಅಂತ ಅವರ ಕೆಲಸ ಹಂಚಿಕೊಳ್ಳುತ್ತಾರೆ. ಹೊಸಬರು ಒಳಗೆ ಬರಲು ಅದಕ್ಕಿಂತ ಒಳ್ಳೆ ದಿನ ಸಿಗದು.

ಮನೆಯಲ್ಲಿ ಗಟ್ಟಿಮುಟ್ಟಾದ ಯಹೂದಿ ಗಂಡನೋ ಹೆಂಡತಿಯೋ ಇದ್ದರೆ ಹಗ್ಬಾ ಕಲಿಯಲು ಹೇಳಿ. ತೋರಾ ಅನ್ನುವ ಧರ್ಮಗ್ರಂಥ ಓದಿದ ಮೇಲೆ ಬಿಚ್ಚಿದ ಸುರುಳಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸುವ ಕೆಲಸ ಅದು. ಚರ್ಮದ ಹಾಳೆ, ಮರದ ದಿಂಡು ಸೇರಿ ಹತ್ತು ಕೆಜಿಗೆ ಮೇಲೆ ತೂಗುವುದೇ ಜಾಸ್ತಿ. ಬರೀ ತೋಳಿನಿಂದ ಎತ್ತಲು ಹೋದರೆ ಕೈ ನಡುಗುತ್ತದೆ. ಸುರುಳಿಯನ್ನು ಮೂರು ಅಂಕಣ ಕಾಣುವಷ್ಟು ಬಿಚ್ಚಿ, ಅರ್ಧ ಮೇಜಿನಿಂದ ಈಚೆಗೆ ಎಳೆದು, ಮಂಡಿ ಬಗ್ಗಿಸಿ, ಕೆಳಗಿನ ಹಿಡಿಗಳನ್ನು ಒತ್ತಬೇಕು. ಮೇಜಿನ ಅಂಚೇ ಸನ್ನೆಯಾಗಿ ಸುರುಳಿ ತಾನಾಗಿ ಮೇಲೇಳುತ್ತದೆ. ಆಮೇಲೆ ನೆಟ್ಟಗೆ ನಿಲ್ಲಬೇಕು. ಇನ್ನೊಂದು ಗುಟ್ಟಿದೆ. ಹೀಬ್ರೂ ಓದುವುದು ಬಲದಿಂದ ಎಡಕ್ಕೆ, ಇಡೀ ತೋರಾ ಓದಿ ಮುಗಿಸಲು ಒಂದು ವರ್ಷ. ಶರತ್ಕಾಲದಲ್ಲಿ ಮೊದಲ ಪುಸ್ತಕ ಆದಿಕಾಂಡ ಶುರುವಾದಾಗ ಭಾರವೆಲ್ಲ ಎಡದ ದಿಂಡಿನಲ್ಲಿ, ಬೇಸಿಗೆ ಮುಗಿಯುವಾಗ ಬಲದಲ್ಲಿ. ಮೊದಲ ಸಲ ಎತ್ತುವವರು ವಸಂತದಲ್ಲಿ ನಡುವಿನ ಪುಸ್ತಕ ಯಾಜಕಕಾಂಡ ಓದುವ ವಾರಗಳಲ್ಲಿ ಒಪ್ಪಿಕೊಳ್ಳಲಿ, ಎರಡೂ ಕಡೆ ಸಮ ಇರುತ್ತದೆ. ಕೆಳಗೆ ಬಿದ್ದರೆ ನೋಡಿದವರೆಲ್ಲ ಉಪವಾಸ ಮಾಡುವ ರೂಢಿ ಇದೆ, ಅದಕ್ಕೇ ಖಾಲಿ ಹಾಲ್‌ನಲ್ಲಿ ಮೊದಲು ಒಮ್ಮೆ ಅಭ್ಯಾಸ ಮಾಡುವುದು ಒಳ್ಳೆಯದು.

ಮಕ್ಕಳು

ಗಂಡು ಮಗುವಿಗೆ ಎಂಟನೇ ದಿನ ಸುನ್ನತಿ ಮತ್ತು ಹೆಸರು. ಹೆಣ್ಣು ಮಗುವಿಗೆ ಶುಲ್‌ನಲ್ಲಿ ತೋರಾ ಓದುವ ದಿನ ಹೆಸರಿಡುತ್ತಾರೆ, ಇಲ್ಲವೇ ಮನೆಯಲ್ಲಿ ಸಮಾರಂಭ ಮಾಡುತ್ತಾರೆ. ಹೀಬ್ರೂ ಹೆಸರನ್ನು ಒಂದು ಕಡೆ ಬರೆದಿಡಿ. ಮುಂದೆ ತೋರಾ ಮುಂದೆ ಕರೆಯುವಾಗ, ಮದುವೆ ಪತ್ರದಲ್ಲಿ, ಕೊನೆಗೆ ಸಮಾಧಿ ಕಲ್ಲಿನ ಮೇಲೂ ಅದೇ ಬೇಕು.

ಶಾಲೆ ಸಾಮಾನ್ಯವಾಗಿ ಭಾನುವಾರ ಬೆಳಗ್ಗೆ, ಜೊತೆಗೆ ವಾರದ ನಡುವೆ ಒಂದು ಸಂಜೆ. ಕನ್ನಡ ಕಲಿ ತರಗತಿಯೂ ಬಹಳ ಊರುಗಳಲ್ಲಿ ವಾರಾಂತ್ಯದಲ್ಲೇ. ಎರಡೂ ಒಂದೇ ಹೊತ್ತಿಗೆ ಬಿದ್ದರೆ ಮೊದಲ ವರ್ಷವೇ ಕೂತು ಬಗೆಹರಿಸಿಕೊಳ್ಳಿ. ಮಗು ಎರಡೂ ಕಡೆ ಅರ್ಧರ್ಧ ಹೋಗಿ ಎರಡನ್ನೂ ಬಿಡುವುದನ್ನು ನೋಡಿದ್ದೇನೆ.

ಹದಿಮೂರಕ್ಕೆ ಬಾರ್ ಮಿಟ್ಜ್ವಾ, ಹುಡುಗಿಯರಿಗೆ ಬಾಟ್ ಮಿಟ್ಜ್ವಾ. ಮಗು ಧರ್ಮದ ಲೆಕ್ಕದಲ್ಲಿ ದೊಡ್ಡವರಾಗಿ, ಎಲ್ಲರ ಮುಂದೆ ತೋರಾ ಓದುವ ಸಮಾರಂಭ ಅದು. ಅಮೆರಿಕದ ಮೊದಲ ಬಾಟ್ ಮಿಟ್ಜ್ವಾ ನಡೆದದ್ದು 1922ರಲ್ಲಿ, ನ್ಯೂಯಾರ್ಕ್‌ನಲ್ಲಿ, ರಬ್ಬಿ ಮೊರ್ಡೆಕಾಯ್ ಕಪ್ಲನ್ ಅವರ ಮಗಳು ಜುಡಿತ್‌ಗೆ. ಶುಲ್‌ನವರು ಎರಡು ಮೂರು ವರ್ಷ ಮುಂಚೆಯೇ ತಾರೀಕು ಕೊಡುತ್ತಾರೆ. ಭಾರತದಿಂದ ಅಜ್ಜ ಅಜ್ಜಿ ಬರುವುದಿದ್ದರೆ ವೀಸಾ, ಟಿಕೆಟ್‌ಗೆ ಇದು ಅನುಕೂಲ. ತೋರಾ ಸುರುಳಿಯಲ್ಲಿ ಸ್ವರ ಚಿಹ್ನೆ ಇಲ್ಲ, ರಾಗದ ಗುರುತು ಇಲ್ಲ, ಪೂರ್ಣವಿರಾಮವೂ ಇಲ್ಲ. ಮಗು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಓದಬೇಕು. ದಿನಕ್ಕೆ ಹದಿನೈದು ನಿಮಿಷ ತಪ್ಪದೆ ಕೂರಿಸಿ. ಭಾನುವಾರ ಎರಡು ಗಂಟೆ ಕೂರಿಸಿದರೆ ಹತ್ತುವುದಿಲ್ಲ. ಯಹೂದಿಯಲ್ಲದ ತಂದೆಯೋ ತಾಯಿಯೋ ವೇದಿಕೆ ಮೇಲೆ ಎಲ್ಲಿ ನಿಲ್ಲಬಹುದು, ಏನು ಓದಬಹುದು ಅನ್ನುವುದು ಶುಲ್‌ನಿಂದ ಶುಲ್‌ಗೆ ಬೇರೆ. ತಾರೀಕು ಗೊತ್ತಾದ ದಿನವೇ ಕೇಳಿ. ನೆಂಟರೆದುರಿಗೆ ಆ ಚರ್ಚೆ ಬೇಡ.

ನಿಜವಾದ ಕಷ್ಟ ಅದರ ಮಾರನೇ ವಾರದಿಂದ. ಪಾರ್ಟಿ ಮುಗಿಯಿತು, ಮಗು ಶುಲ್ ಕಡೆ ತಲೆ ಹಾಕುವುದಿಲ್ಲ. ಎಲ್ಲ ಪಂಥಗಳಿಗೂ ಇದು ತಲೆನೋವು. ಬೈದರೆ ಬರುವುದಿಲ್ಲ. ಚಿಕ್ಕ ಮಕ್ಕಳ ತರಗತಿಗೆ ಸಹಾಯಕರಾಗಿ ಹಾಕಿ, ಕೆಲವು ಕಡೆ ಸಂಬಳವೂ ಕೊಡುತ್ತಾರೆ. ಯುವಕರ ಗುಂಪುಗಳಿವೆ, ಬೇಸಿಗೆ ಶಿಬಿರಗಳಿವೆ. ಕಾಲೇಜಿಗೆ ಹೋದ ಮೇಲೆ ಹಿಲೆಲ್ ಅನ್ನುವ ಯಹೂದಿ ವಿದ್ಯಾರ್ಥಿ ಸಂಸ್ಥೆ ಇದೆ, 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಅಲ್ಲಿ ಶುಕ್ರವಾರದ ಊಟಕ್ಕೆ ಹೋಗಿ ಬರಲಿ ಸಾಕು.

ಹತ್ತು ಜನ

ಈಗ ಶುಲ್‌ನ ಅಡಿಪಾಯಕ್ಕೆ ಬರುತ್ತೇನೆ. ಕೆಲವು ಪ್ರಾರ್ಥನೆಗಳಿಗೆ ಹತ್ತು ಜನ ವಯಸ್ಕ ಯಹೂದಿಗಳು ಇರಲೇಬೇಕು. ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಆರ್ಥೊಡಾಕ್ಸ್‌ನಲ್ಲಿ ಗಂಡಸರು ಮಾತ್ರ ಲೆಕ್ಕ. ಕನ್ಸರ್ವೇಟಿವ್‌ನಲ್ಲಿ 1973ರ ತೀರ್ಮಾನದಿಂದ ಹೆಂಗಸರನ್ನೂ ಲೆಕ್ಕ ಹಿಡಿಯುವುದು ಶುರುವಾಯಿತು. ರಿಫಾರ್ಮ್‌ನವರು ಅಷ್ಟು ಬಿಗಿ ಮಾಡುವುದಿಲ್ಲ. ಹತ್ತು ಸೇರದಿದ್ದರೆ ಕದ್ದಿಶ್ ಹೇಳುವ ಹಾಗಿಲ್ಲ. ತೀರಿಕೊಂಡವರಿಗಾಗಿ ಮನೆಯವರು ಹೇಳುವ ಪ್ರಾರ್ಥನೆ ಅದು. ಅದರಲ್ಲಿ ಸಾವಿನ ಮಾತೇ ಇಲ್ಲ, ಇಡೀ ದೇವರ ಸ್ತುತಿ. ಅಪ್ಪ ಅಮ್ಮನಿಗಾಗಿ 11 ತಿಂಗಳು ಪ್ರತಿದಿನ ಹೇಳಬೇಕು.

ಒಂದು ಮಂಗಳವಾರ ಬೆಳಗ್ಗೆ ಏಳು ಗಂಟೆ ಅಂದುಕೊಳ್ಳಿ. ಚಿಕ್ಕ ಕೋಣೆ. ಒಂಬತ್ತು ಜನ ಬಂದಿದ್ದಾರೆ. ಅಮ್ಮನನ್ನು ಕಳೆದುಕೊಂಡವರೊಬ್ಬರು ಪುಸ್ತಕ ಹಿಡಿದು ಗಡಿಯಾರ ನೋಡುತ್ತಿದ್ದಾರೆ, ಎಂಟಕ್ಕೆ ಆಫೀಸಿಗೆ ಹೋಗಬೇಕು. ಯಾರೋ ವಾಟ್ಸ್ಯಾಪ್ ಗುಂಪಿಗೆ ಇನ್ನೊಬ್ಬರು ಬೇಕು ಅಂತ ಹಾಕುತ್ತಾರೆ. ಅದನ್ನು ನೋಡಿ ರಾತ್ರಿ ಉಡುಪಿನ ಮೇಲೆ ಕೋಟು ಹಾಕಿಕೊಂಡು ಓಡಿ ಬಂದವರನ್ನು ಆ ಮನೆಯವರು ಮರೆಯುವುದಿಲ್ಲ. ಶುಲ್‌ನಲ್ಲಿ ಯಾರು ಯಾರಿಗೆ ಹತ್ತಿರ ಅನ್ನುವುದು ತೀರ್ಮಾನವಾಗುವುದೂ ಈ ಕೋಣೆಯಲ್ಲೇ.

ಹಾಗಾಗಿ ನಿಮ್ಮ ಯಹೂದಿ ಸಂಗಾತಿ ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಲಿ. ಬುಧವಾರ ನನ್ನದು ಅಂತ ಹೇಳಿಬಿಡಲಿ. ನೀವು ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಆ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವವರು ನೀವು. ಅಥವಾ ಜೊತೆಗೆ ಹೋಗಿ ಕಾಫಿ ಇಡಿ. ಕೋವಿಡ್ ಬಂದ ಮೇಲೆ ಬಹಳ ಶುಲ್‌ಗಳಲ್ಲಿ ವಾರದ ದಿನಗಳ ಮಿನ್ಯಾನ್ ಝೂಮ್‌ನಲ್ಲೂ ನಡೆಯುತ್ತಿದೆ. ಅದನ್ನು ಸರಿಯಾಗಿ ನಡೆಸಿಕೊಡುವವರು ಬೇಕೇ ಬೇಕು.

ಸಾವಾದ ಮನೆಯಲ್ಲಿ ಏಳು ದಿನ ಶಿವಾ ಕೂರುತ್ತಾರೆ, ಅಂದರೆ ಶೋಕ ಆಚರಿಸುತ್ತಾರೆ. ಸೂತಕದ ಮನೆಯಲ್ಲಿ ಹೊರಗಿನವರು ನೀರೂ ಮುಟ್ಟಬಾರದು ಅಂತ ಬೆಳೆದ ನಮಗೆ ಇದು ತಿರುವುಮುರುವು. ಇಲ್ಲಿ ನೀವೇ ಊಟ ತೆಗೆದುಕೊಂಡು ಹೋಗಬೇಕು. ದುಃಖದಲ್ಲಿರುವವರು ಅಡಿಗೆ ಮಾಡಬಾರದು, ಬಂದವರಿಗೆ ಉಪಚಾರವನ್ನೂ ಮಾಡಬಾರದು. ಹೂವು ಒಯ್ಯಬೇಡಿ. ಬೆಲ್ ಒತ್ತದೆ ಸುಮ್ನೆ ಒಳಗೆ ಹೋಗಿ. ಕನ್ನಡಿಗಳಿಗೆ ಬಟ್ಟೆ ಮುಚ್ಚಿರಬಹುದು, ಮನೆಯವರು ತಗ್ಗಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಹತ್ತಿರ ಕೂತುಕೊಳ್ಳಿ. ಅವರಾಗಿ ಮಾತಾಡುವವರೆಗೆ ನೀವು ಮಾತು ತೆಗೆಯಬೇಡಿ. ಏನು ಹೇಳಲಿ ಅಂತ ಒದ್ದಾಡುವವರಿಗೆ ಇಷ್ಟು ನಿರಾಳ ಕೊಡುವ ನಿಯಮ ನಾನು ಬೇರೆಲ್ಲೂ ಕಂಡಿಲ್ಲ. ಅರ್ಧ ಗಂಟೆ ಇದ್ದು ಎದ್ದು ಬನ್ನಿ.

ನಿಮ್ಮ ತಂದೆಯೋ ತಾಯಿಯೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ತೀರಿಕೊಂಡರೆ ಅದನ್ನೂ ಶುಲ್ ಆಫೀಸಿಗೆ ತಿಳಿಸಿ. ಅವರು ಯಹೂದಿ ಅಲ್ಲವಲ್ಲ, ಇವರಿಗೆ ಯಾಕೆ ಅಂತ ನಮ್ಮವರು ಬಾಯಿ ಮುಚ್ಚಿಕೊಂಡಿರುತ್ತಾರೆ. ತಿಳಿಸಿದರೆ ನೀವು ಊರಿಂದ ವಾಪಸ್ ಬರುವ ಹೊತ್ತಿಗೆ ಫ್ರಿಜ್ ತುಂಬಿಸಿಡುವವರು ಇದ್ದಾರೆ. ಪ್ರಾರ್ಥನೆಯಲ್ಲಿ ತೀರಿಕೊಂಡವರ ಹೆಸರು ಓದಿಸುವ ಬಗ್ಗೆ ರಬ್ಬಿಯನ್ನು ಕೇಳಿ.

ಮಂಡಳಿ, ಕಮಿಟಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರ್ಷಿಕ ಸಭೆಗೆ ಹೋಗಿ, ಬಜೆಟ್ ಓದಿ. ಮಕ್ಕಳು ಚಿಕ್ಕವರಿದ್ದಾಗ ಅಧ್ಯಕ್ಷಗಿರಿ ಯಾರು ಕೊಟ್ಟರೂ ಬೇಡ ಅನ್ನಿ. ಬಾಯ್ಲರ್ ರಿಪೇರಿಯಿಂದ ರಬ್ಬಿಯ ಒಪ್ಪಂದದವರೆಗೆ ಎಲ್ಲ ತಲೆ ಮೇಲೆ ಬರುತ್ತದೆ. ಬಹಳ ವರ್ಷ ಮಾಡಿದ ಕೆಲಸ ಇದ್ದರೆ, ಕೈಯಲ್ಲಿ ಶಕ್ತಿ ಇರುವಾಗಲೇ ಪಕ್ಕದಲ್ಲಿ ಒಬ್ಬ ಚಿಕ್ಕವರನ್ನು ನಿಲ್ಲಿಸಿಕೊಂಡು ಕಲಿಸಿ.

ವಯಸ್ಸಾದ ಮೇಲೆ

ಸ್ಮಶಾನದ ಮಾತು ಐವತ್ತು ದಾಟುತ್ತಿದ್ದಂತೆ ಆಡಿಬಿಡುವುದು ಒಳ್ಳೆಯದು. ಯಹೂದಿಗಳು ಸಾಂಪ್ರದಾಯಿಕವಾಗಿ ಹೂಳುತ್ತಾರೆ, ನಮ್ಮಲ್ಲಿ ಬಹಳ ಜನ ಸುಡುತ್ತೇವೆ. ಗಂಡ ಹೆಂಡತಿ ಅಕ್ಕಪಕ್ಕ ಇರಬೇಕು ಅಂದರೆ ಮಿಶ್ರ ದಂಪತಿಗಳಿಗೆ ಜಾಗ ಇರುವ ಸ್ಮಶಾನವೇ ಆಗಬೇಕು. ಕೆಲವು ಕಡೆ ಪ್ರತ್ಯೇಕ ಭಾಗ ಇದೆ, ಕೆಲವು ಕಡೆ ಅವಕಾಶವೇ ಇಲ್ಲ. ಲಿಖಿತ ನಿಯಮ ತರಿಸಿ ಓದಿ.

ತೀರಿಕೊಂಡವರ ವರ್ಷದ ದಿನ ಯಾರ್‌ಟ್ಸೈಟ್. ಹೀಬ್ರೂ ಪಂಚಾಂಗದ ಪ್ರಕಾರ ಬರುವುದರಿಂದ ಇಂಗ್ಲಿಷ್ ತಾರೀಕು ಪ್ರತಿವರ್ಷ ಬದಲಾಗುತ್ತದೆ. ಸಾವು ಸೂರ್ಯಾಸ್ತಕ್ಕೆ ಮುಂಚೆಯೋ ಆಮೇಲೋ ಅನ್ನುವುದನ್ನೂ ಆಫೀಸಿಗೆ ಬರೆಸಿ. ಹೀಬ್ರೂ ದಿನ ಶುರುವಾಗುವುದೇ ಸಂಜೆಗೆ, ಹಾಗಾಗಿ ಒಂದು ದಿನ ವ್ಯತ್ಯಾಸವಾಗುತ್ತದೆ.

ಇನ್ನು ಎಂಬತ್ತಮೂರು. ಕೀರ್ತನೆಗಳ ಪುಸ್ತಕದಲ್ಲಿ ಮನುಷ್ಯನ ಆಯಸ್ಸು ಎಪ್ಪತ್ತು ಅಂತಿದೆ. ಅಲ್ಲಿಂದ ಹೊಸ ಲೆಕ್ಕ ಶುರು ಮಾಡಿ ಹದಿಮೂರು ಕೂಡಿಸಿದರೆ 83. ಹಾಗಾಗಿ ಆ ವಯಸ್ಸಿಗೆ ಎರಡನೇ ಬಾರ್ ಮಿಟ್ಜ್ವಾ ಮಾಡಿಕೊಳ್ಳುವವರಿದ್ದಾರೆ. ಮೊದಲನೆಯದೇ ಆಗದ ಅಜ್ಜಿಯರು ವಯಸ್ಕರ ತರಗತಿ ಸೇರಿ, ಹೀಬ್ರೂ ಅಕ್ಷರ ಕಲಿತು ಓದುವುದೂ ಉಂಟು. ನಿಮ್ಮ ಅತ್ತೆ ಮಾವನಿಗೆ ಎಂಬತ್ತಾಗಿದ್ದರೆ ಈಗಲೇ ಕೇಳಿ ನೋಡಿ. ಬೇಕು ಅಂದರೆ ಅವರು ಮೊದಲ ಸಲ ಓದಿದ ತೋರಾ ಭಾಗ ಯಾವುದು ಅಂತ ವಿಚಾರಿಸಿ, ಅದೇ ವಾರದ ಶನಿವಾರ ಹಿಡಿಯಿರಿ. ಹದಿಮೂರರ ಮಕ್ಕಳಿಗೆ ಶನಿವಾರಗಳು ಬೇಗ ಹಂಚಿಹೋಗುತ್ತವೆ, ಎರಡು ವರ್ಷ ಮುಂಚೆ ಆಫೀಸಿನಲ್ಲಿ ಹೆಸರು ಬರೆಸುವುದು ಒಳ್ಳೆಯದು.